ಮಕ್ಕಳನ್ನು ನೋಡದೆಯೇ ಕೊಡುವುದನ್ನು ಕಲಿತ ಬಗೆ

ಪುಸ್ತಕ ಕಟ್ಟುವುದು ನಮ್ಮ ಮನೆಯ ಕೆಲಸ. ಕಾಗದಕ್ಕೆ ಗೆರೆ ಹಾಕಿ, ಮಡಿಸಿ, ಹೊಲಿದು, ರಟ್ಟು ಅಂಟಿಸಿ, ಅಂಚು ಕತ್ತರಿಸಿ ಶಾಲೆಗಳಿಗೂ ಕಚೇರಿಗಳಿಗೂ ನೋಟ್‌ಪುಸ್ತಕ ಒದಗಿಸುವ ಈ ಸಣ್ಣ ಉದ್ದಿಮೆಯನ್ನು ಅಪ್ಪ ಆರಂಭಿಸಿದರು. ಅವರು ತೀರಿಕೊಂಡ ಮೇಲೆ ಅಮ್ಮ, ನಾನು, ತಮ್ಮ ಮತ್ತು ತಮ್ಮನ ಹೆಂಡತಿ ಸೇರಿ ನಡೆಸುತ್ತಿದ್ದೇವೆ. ನಮ್ಮನ್ನು ಬಿಟ್ಟು 9 ಮಂದಿ ಕೆಲಸಗಾರರಿದ್ದಾರೆ. ವರ್ಷದ ಕೊನೆಯಲ್ಲಿ ಉಳಿದ ಪುಸ್ತಕಗಳನ್ನು ಕಟ್ಟು ಕಟ್ಟಿಸಿ ಒಂದು ಮಕ್ಕಳ ಆಶ್ರಯ ಸಂಸ್ಥೆಗೆ ಕೊಟ್ಟು ಬರುವುದು ಅಪ್ಪನ ರೂಢಿಯಾಗಿತ್ತು. ಅವರ ನಂತರ ಆ ರೂಢಿಯನ್ನು ಬಿಡುವುದು ಬೇಡ, ಇನ್ನಷ್ಟು ವ್ಯವಸ್ಥಿತವಾಗಿ, ಲಾಭದ ಒಂದು ಪಾಲನ್ನೇ ಇಂತಹ ಮಕ್ಕಳಿಗಾಗಿ ತೆಗೆದಿಡೋಣ ಎಂದು ನಾವು ನಾಲ್ವರೂ ಒಪ್ಪಿಕೊಂಡೆವು. ಇದು 8 ವರ್ಷಗಳ ಹಿಂದಿನ ಮಾತು. ಒಪ್ಪಿಕೊಳ್ಳಲು ಒಂದು ಸಂಜೆ ಸಾಕಾಗಿತ್ತು. ಸರಿಯಾಗಿ ಕೊಡುವುದು ಹೇಗೆಂದು ತಿಳಿಯಲು ಅದರ ನಂತರದ ವರ್ಷಗಳೆಲ್ಲ ಬೇಕಾದವು.

ಮೊದಲ ವರ್ಷ ನಾವು ಮಾಡಿದ್ದು ಬಹಳಷ್ಟು ಜನ ಮಾಡುವುದನ್ನೇ. ಅಪ್ಪ ಹೋಗುತ್ತಿದ್ದ ಸಂಸ್ಥೆಗೇ ಹೋದೆವು, ಪುಸ್ತಕಗಳ ಜೊತೆಗೆ ಬಟ್ಟೆ ಮತ್ತು ಆಟಿಕೆಗಳನ್ನು ಒಯ್ದೆವು, ಇಡೀ ಮಧ್ಯಾಹ್ನ ಮಕ್ಕಳೊಡನೆ ಆಡಿದೆವು, ಸಾಲಾಗಿ ನಿಲ್ಲಿಸಿ ಚಿತ್ರ ತೆಗೆದೆವು. ಆರೇಳು ವರ್ಷದ ಒಬ್ಬ ಹುಡುಗಿ ನನ್ನ ಕೈ ಹಿಡಿದವಳು ಹೊರಡುವವರೆಗೂ ಬಿಡಲಿಲ್ಲ. ಅಷ್ಟು ಬೇಗ ನನ್ನನ್ನು ಹಚ್ಚಿಕೊಂಡಳಲ್ಲ ಎಂದು ನನ್ನ ಕಣ್ಣು ತುಂಬಿ ಬಂದಿತ್ತು. ಬಾಗಿಲಲ್ಲಿ ಅವಳು ಕೇಳಿದ ಪ್ರಶ್ನೆ ಒಂದೇ: "ನೀವು ಮತ್ತೆ ಬರುವುದು ಯಾವತ್ತು?" ಬೇಗ ಬರುತ್ತೇನೆ ಎಂದೆ. ಮತ್ತೆ ಹೋದದ್ದು 11 ತಿಂಗಳ ಮೇಲೆ. ಅಷ್ಟರಲ್ಲಿ ಅವಳನ್ನು ಬೇರೆ ಕಡೆಗೆ ಕಳುಹಿಸಿದ್ದರು. ಎಲ್ಲಿಗೆ ಎಂದು ಕೇಳುವ ಅಧಿಕಾರ ನನಗಿರಲಿಲ್ಲ, ಹೇಳುವುದೂ ಸರಿಯಾಗುತ್ತಿರಲಿಲ್ಲ.

ಆ ಎರಡನೆಯ ಭೇಟಿಯಲ್ಲಿ ಅಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ್ದ ಸಮಾಜ ಕಾರ್ಯಕರ್ತೆಯೊಬ್ಬರು ನನ್ನನ್ನು ಪಕ್ಕಕ್ಕೆ ಕರೆದು, ಬಹಳ ಸಂಕೋಚದಿಂದ, ಆದರೆ ಸ್ಪಷ್ಟವಾಗಿ ಒಂದು ಮಾತು ಹೇಳಿದರು. ಅಪರಿಚಿತರನ್ನು ಕಂಡ ತಕ್ಷಣ ಅಪ್ಪಿಕೊಳ್ಳುವ ಮಗು ಪ್ರೀತಿಯಿಂದ ತುಂಬಿರುವ ಮಗುವೆಂದು ಭೇಟಿಗೆ ಬಂದವರು ತಿಳಿಯುತ್ತಾರೆ. ತನ್ನವರೆಂದು ಹೇಳಿಕೊಳ್ಳಲು ಒಬ್ಬರೂ ಸ್ಥಿರವಾಗಿ ಸಿಕ್ಕದೆ, ಯಾರು ಸಿಕ್ಕರೂ ಸರಿ ಎಂಬ ಸ್ಥಿತಿಗೆ ಬಂದಿರುವ ಮಗು ಅದು ಎಂದು ತಮಗೆ ಕಾಣುತ್ತದೆ ಎಂದರು. ತಿಂಗಳಿಗೆ ಹತ್ತು ಗುಂಪುಗಳು ಬಂದು, ಹತ್ತು ಬಾರಿ ಆತ್ಮೀಯರಾಗಿ, ಹತ್ತು ಬಾರಿ ಹೊರಟುಹೋಗುವುದನ್ನು ಮಗು ಲೆಕ್ಕವಿಟ್ಟುಕೊಳ್ಳುತ್ತದೆ ಎಂದೂ ಹೇಳಿದರು. ನನಗೆ ಮೊದಲು ಅನ್ನಿಸಿದ್ದು ಅವಮಾನ. ಆ ರಾತ್ರಿ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದು ಅವರಿಗೆ ಫೋನ್ ಮಾಡಿ, ಈ ವಿಷಯದಲ್ಲಿ ನಾನು ಏನನ್ನು ಓದಬೇಕು ಎಂದು ಕೇಳಿದೆ.

ಓದುತ್ತ ಹೋದಂತೆ, ಆಕೆ ಹೇಳಿದ್ದು ಹೊಸ ವಿಚಾರವೇನಲ್ಲ ಎಂಬುದು ತಿಳಿಯಿತು. ಬ್ರಿಟಿಷ್ ಮನೋವೈದ್ಯ ಜಾನ್ ಬೌಲ್ಬಿ ವಿಶ್ವ ಆರೋಗ್ಯ ಸಂಸ್ಥೆಗಾಗಿ ಸಿದ್ಧಪಡಿಸಿದ ವರದಿ 1951ರಲ್ಲೇ ಪ್ರಕಟವಾಗಿತ್ತು. ಎಳೆಯ ಮಗುವಿನ ಮಾನಸಿಕ ಆರೋಗ್ಯಕ್ಕೆ ತಾಯಿಯೊಡನೆ ಅಥವಾ ತಾಯಿಯ ಸ್ಥಾನದಲ್ಲಿ ನಿಂತವರೊಡನೆ ನಿರಂತರವಾದ, ಆಪ್ತವಾದ ಸಂಬಂಧ ಬೇಕೆಂದು ಅದು ವಾದಿಸಿತ್ತು. ಅರ್ಧ ಶತಮಾನದ ನಂತರ ರೊಮೇನಿಯಾದ ಬುಕಾರೆಸ್ಟ್‌ನಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್ ಮತ್ತು ಚಾರ್ಲ್ಸ್ ಝೀನಾ ಎಂಬ ಸಂಶೋಧಕರು ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳನ್ನು ಅಧ್ಯಯನಕ್ಕೆ ತೆಗೆದುಕೊಂಡು, ಅವರಲ್ಲಿ ಅರ್ಧದಷ್ಟು ಮಕ್ಕಳನ್ನು ಚೀಟಿ ಎತ್ತಿದಂತೆ ಆಯ್ದು ಸಾಕು ಕುಟುಂಬಗಳಿಗೆ ಒಪ್ಪಿಸಿದರು. ಕುಟುಂಬ ಸಿಕ್ಕ ಮಕ್ಕಳ ಬುದ್ಧಿ ಬೆಳವಣಿಗೆ ಸಂಸ್ಥೆಯಲ್ಲೇ ಉಳಿದವರಿಗಿಂತ ಮುಂದಿತ್ತು. ಎರಡು ವರ್ಷ ತುಂಬುವ ಮೊದಲೇ ಕುಟುಂಬ ಸೇರಿದವರಲ್ಲಿ ಆ ಚೇತರಿಕೆ ಇನ್ನೂ ಹೆಚ್ಚಾಗಿತ್ತು. 2007ರಲ್ಲಿ ಹೊರಬಂದ ಈ ಫಲಿತಾಂಶವನ್ನು ಓದುವಾಗ ನನ್ನ ಕಣ್ಣ ಮುಂದೆ ಇದ್ದದ್ದು ನಾವು ಕೊಟ್ಟ ಆಟಿಕೆಗಳ ರಾಶಿ.

ಅದಕ್ಕಿಂತಲೂ ನನ್ನನ್ನು ಕಲಕಿದ್ದು ಮತ್ತೊಂದು ಸಂಗತಿ. ಆಶ್ರಯ ಸಂಸ್ಥೆಗಳಲ್ಲಿರುವ ಮಕ್ಕಳೆಲ್ಲ ತಂದೆ ತಾಯಿ ಇಲ್ಲದವರು ಎಂದು ನಾನು ಅಲ್ಲಿಯವರೆಗೆ ನಂಬಿದ್ದೆ. ಅವರಲ್ಲಿ ಹೆಚ್ಚಿನವರಿಗೆ ತಂದೆ ತಾಯಿಗಳಲ್ಲಿ ಒಬ್ಬರಾದರೂ ಬದುಕಿರುತ್ತಾರೆ. ಬಡತನ, ಕಾಯಿಲೆ, ಕುಡಿತ, ಮನೆಯೊಳಗಿನ ಹಿಂಸೆ, ಮಗುವಿನ ಅಂಗವೈಕಲ್ಯ, ಹತ್ತಿರದಲ್ಲಿ ಶಾಲೆಯಿಲ್ಲದಿರುವುದು, ಇಂತಹ ಕಾರಣಗಳಿಂದ ಮಕ್ಕಳು ಅಲ್ಲಿಗೆ ಬಂದಿರುತ್ತಾರೆ. ಹಿಂಸೆ ಇರುವ ಕಡೆ ಮಗುವನ್ನು ಬೇರೆಡೆಗೆ ಒಯ್ಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಬಡತನವೊಂದನ್ನೇ ಕಾರಣವಾಗಿಟ್ಟುಕೊಂಡು ಮಗುವನ್ನು ತಂದೆ ತಾಯಿಯಿಂದ ಬೇರ್ಪಡಿಸಬಾರದು ಎಂದು ವಿಶ್ವಸಂಸ್ಥೆ 2009ರಲ್ಲಿ ಅಂಗೀಕರಿಸಿದ ಪರ್ಯಾಯ ಪಾಲನೆಯ, ಅಂದರೆ ತಂದೆ ತಾಯಿಯ ಬಳಿ ಇರಲಾಗದ ಮಕ್ಕಳ ಪಾಲನೆಯ, ಮಾರ್ಗಸೂಚಿ ನೇರವಾಗಿ ಹೇಳುತ್ತದೆ. 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯೂ ಮಗು ಕುಟುಂಬದ ವಾತಾವರಣದಲ್ಲಿ ಬೆಳೆಯಬೇಕೆಂದು ತನ್ನ ಪೀಠಿಕೆಯಲ್ಲೇ ಸಾರುತ್ತದೆ. ಹಾಗಾದರೆ ಸಂಸ್ಥೆಯಲ್ಲಿ ಒಂದು ಮಗುವನ್ನು ಇಟ್ಟುಕೊಳ್ಳಲು ನಾವು ಕೊಡುತ್ತಿದ್ದ ಹಣ, ಆ ಮಗು ಮನೆಯಲ್ಲೇ ಉಳಿಯಲು ನೆರವಾಗಬಹುದಾಗಿದ್ದ ಹಣವೇ ಅಲ್ಲವೇ? ಈ ಪ್ರಶ್ನೆಯನ್ನು ಮನೆಯಲ್ಲಿಟ್ಟಾಗ ಯಾರೂ ಬೇಗ ಉತ್ತರಿಸಲಿಲ್ಲ. ಅಪ್ಪನ ಕಾಲದಿಂದ ನಡೆದು ಬಂದ ನಂಟು ಅದು.

ಬೇರೆ ಸಂಸ್ಥೆಗಳನ್ನು ಹುಡುಕಲು ಏಳು ತಿಂಗಳು ಹಿಡಿಯಿತು. ಆರರ ಜೊತೆ ಮಾತನಾಡಿದೆವು, ಮೂರರ ಕಚೇರಿಗೆ ಹೋದೆವು. ಲೆಕ್ಕಪರಿಶೋಧನೆಯಾದ ಖಾತೆ, ನೋಂದಣಿ, ಆಡಳಿತ ಮಂಡಳಿಯಲ್ಲಿ ಒಂದೇ ಕುಟುಂಬದವರು ತುಂಬಿದ್ದಾರೆಯೇ ಎಂಬುದನ್ನೆಲ್ಲ ಅಮ್ಮ ನೋಡಿದರು. ಲೆಕ್ಕದಲ್ಲಿ ಅವರನ್ನು ಮೀರಿಸುವವರು ನಮ್ಮಲ್ಲಿಲ್ಲ. ನಾನು ಕೇಳಲು ಕಲಿತದ್ದು ಬೇರೆ ಪ್ರಶ್ನೆಗಳನ್ನು. ಒಂದು ಮಗು ನಿಮ್ಮ ಬಳಿಗೆ ಬರುವುದನ್ನು ತೀರ್ಮಾನಿಸುವವರು ಯಾರು? ಮನೆಯಲ್ಲೇ ಉಳಿಸಲು ಏನೇನು ಪ್ರಯತ್ನ ಮಾಡುತ್ತೀರಿ? ಕೆಲಸಕ್ಕೆ ಸೇರುವವರ ಹಿನ್ನೆಲೆಯನ್ನು ಪರಿಶೀಲಿಸುತ್ತೀರಾ? ಸಿಬ್ಬಂದಿಯ ವಿರುದ್ಧವೇ ದೂರು ಹೇಳಬೇಕಾದರೆ ಮಗು ಯಾರ ಬಳಿ ಹೋಗಬೇಕು? ಕಳೆದ ವರ್ಷ ಎಷ್ಟು ಮಕ್ಕಳು ಕುಟುಂಬಕ್ಕೆ ಮರಳಿದರು, ಮರಳಿದ ಮೇಲೆ ಅವರನ್ನು ಎಷ್ಟು ಕಾಲ ವಿಚಾರಿಸಿಕೊಳ್ಳುತ್ತೀರಿ? ಒಂದು ಕಡೆ ಈ ಕೊನೆಯ ಪ್ರಶ್ನೆಗೆ, "ನಮ್ಮಲ್ಲಿಗೆ ಬಂದ ಮಗು ಹೊರಗೆ ಹೋದದ್ದೇ ಇಲ್ಲ" ಎಂದು ಅಭಿಮಾನದಿಂದ ಉತ್ತರಿಸಿದರು. ಒಂದು ವರ್ಷ ಮೊದಲಾಗಿದ್ದರೆ ನಾನೂ ಅದನ್ನು ಕೇಳಿ ಮೆಚ್ಚುತ್ತಿದ್ದೆ. ಅಂದು ಅಲ್ಲಿಂದ ಬೇಗ ಎದ್ದು ಬಂದೆವು.

ನಾವು ಕೊನೆಗೆ ಆರಿಸಿಕೊಂಡದ್ದು ಹೊರಗಿನವರಿಗೆ ತೋರಿಸಲು ಕಟ್ಟಡವೇ ಇಲ್ಲದ ಸಣ್ಣ ಸಂಸ್ಥೆಯನ್ನು. ಅದರ ಕಾರ್ಯಕರ್ತರು ಕಷ್ಟದಲ್ಲಿರುವ ಕುಟುಂಬಗಳ ಮನೆಗೆ ಮತ್ತೆ ಮತ್ತೆ ಹೋಗುತ್ತಾರೆ, ತಾಯಿಗೆ ಚಿಕಿತ್ಸೆ ಕೊಡಿಸುತ್ತಾರೆ, ಶಾಲೆ ಬಿಟ್ಟ ಮಗುವಿನ ಪರವಾಗಿ ಶಾಲೆಯವರೊಡನೆ ಮಾತನಾಡುತ್ತಾರೆ, ತಂದೆ ತಾಯಿಯೊಡನೆ ಇರಲಾಗದ ಮಗುವಿಗೆ ಅಜ್ಜಿ, ಚಿಕ್ಕಪ್ಪ, ಅತ್ತೆ ಹೀಗೆ ಬಂಧುಗಳಲ್ಲಿ ಆಸರೆ ಹುಡುಕುತ್ತಾರೆ, ಬಂಧುಗಳೂ ಇಲ್ಲದಿದ್ದಾಗ ತರಬೇತಿ ಪಡೆದ ಸಾಕು ಕುಟುಂಬವನ್ನು ಗೊತ್ತುಮಾಡುತ್ತಾರೆ. ಅವರ ಮುಖ್ಯಸ್ಥೆಯನ್ನು, ನಿಮಗೆ ಯಾವುದರ ಕೊರತೆ ಹೆಚ್ಚು ಎಂದು ಕೇಳಿದೆ. ಕಾರ್ಯಕರ್ತರ ಸಂಬಳ ಮತ್ತು ಓಡಾಟದ ಖರ್ಚು ಎಂದರು. ಪುಸ್ತಕ ಕೊಡುವವರು, ಬಟ್ಟೆ ಕೊಡುವವರು ಸಿಗುತ್ತಾರೆ. ಮಳೆಯಲ್ಲಿ ಎರಡು ಬಸ್ಸು ಹಿಡಿದು ಒಂದು ಮನೆಯ ಬಾಗಿಲು ತಟ್ಟುವವಳ ಸಂಬಳವನ್ನು ಮಾತ್ರ ದಾನಿಗಳು ಆಡಳಿತ ವೆಚ್ಚ ಎಂದು ಕರೆದು, ಅದು ಕಡಿಮೆಯಿದ್ದಷ್ಟೂ ಒಳ್ಳೆಯದೆಂದು ತಿಳಿಯುತ್ತಾರೆ. ಆಕೆ ಕೆಲಸ ಬಿಟ್ಟು ಹೋದರೆ ಮಗು ತನ್ನ ಕಥೆಯನ್ನು ಹೊಸಬರಿಗೆ ಮೊದಲಿನಿಂದ ಹೇಳಬೇಕು. ಅಂದೇ ನಾವು ನಿರ್ಧರಿಸಿದೆವು: ನಮ್ಮ ಹಣಕ್ಕೆ ಇಂಥದ್ದಕ್ಕೇ ಎಂಬ ಕಟ್ಟು ಇರುವುದಿಲ್ಲ, ಸಂಬಳಕ್ಕೆ ಬೇಕಾದರೆ ಸಂಬಳಕ್ಕೆ, ಬಾಡಿಗೆಗೆ ಬೇಕಾದರೆ ಬಾಡಿಗೆಗೆ.

ಹಳೆಯ ಸಂಸ್ಥೆಯ ವಿಷಯದಲ್ಲಿ ನಾನು ಆತುರಪಟ್ಟೆ ಎಂದು ಒಪ್ಪಿಕೊಳ್ಳಬೇಕು. ಓದಿದ ಬಿಸಿಯಲ್ಲಿ, ಮುಂದಿನ ತಿಂಗಳಿನಿಂದಲೇ ಅಲ್ಲಿಗೆ ಏನನ್ನೂ ಕೊಡುವುದು ಬೇಡ ಎಂದುಬಿಟ್ಟೆ. ಅಮ್ಮ ತಡೆದರು. ಅಲ್ಲಿರುವ ಮಕ್ಕಳು ನಾಳೆಯೂ ಅಲ್ಲೇ ಇರುತ್ತಾರೆ, ನಿನ್ನ ತಿಳುವಳಿಕೆ ಬದಲಾದ ಮಾತ್ರಕ್ಕೆ ಅವರ ಊಟ ನಿಲ್ಲಬೇಕೇ ಎಂದರು. ಸಂಸ್ಥೆಗಳನ್ನು ಏಕಾಏಕಿ ಮುಚ್ಚಿಸಿದರೆ ಮಕ್ಕಳು ಇನ್ನೂ ಕೆಟ್ಟ ಸ್ಥಿತಿಗೆ ಬೀಳಬಹುದೆಂದು ಈ ಕ್ಷೇತ್ರದಲ್ಲಿ ಕೆಲಸ ಮಾಡುವವರೂ ಎಚ್ಚರಿಸುತ್ತಾರೆ. ವಿಶ್ವಸಂಸ್ಥೆಯ ಸಾಮಾನ್ಯ ಸಭೆ 2019ರ ತನ್ನ ನಿರ್ಣಯದಲ್ಲಿ ಕೇಳಿಕೊಂಡದ್ದೂ ಸಂಸ್ಥೆಗಳ ಬದಲಿಗೆ ಗುಣಮಟ್ಟದ ಕುಟುಂಬಾಧಾರಿತ ಪಾಲನೆಯನ್ನು ಹಂತ ಹಂತವಾಗಿ ತರಬೇಕೆಂದೇ. ಆದ್ದರಿಂದ ಮುಂದಿನ ಎರಡು ವರ್ಷಗಳ ನಮ್ಮ ದೇಣಿಗೆಯ ವೇಳಾಪಟ್ಟಿಯನ್ನು ಅವರಿಗೆ ಬರೆದು ಕೊಟ್ಟೆವು; ಮೊದಲ ವರ್ಷ ಪೂರ್ತಿ, ಎರಡನೆಯ ವರ್ಷ ಅರ್ಧ, ಜೊತೆಗೆ ಮಕ್ಕಳ ಕುಟುಂಬಗಳನ್ನು ಪತ್ತೆಹಚ್ಚಿ ಭೇಟಿ ಮಾಡುವ ಕೆಲಸಕ್ಕೆ ಒಬ್ಬರ ಸಂಬಳ. ಅದರಿಂದ ಕೆಲವು ಮಕ್ಕಳು ಮನೆಗೆ ಮರಳಿದರು. ಎಲ್ಲರೂ ಮರಳಲಿಲ್ಲ, ಎಲ್ಲರೂ ಮರಳುವ ಹಾಗೆಯೂ ಇರಲಿಲ್ಲ.

ಹಣದ ಲೆಕ್ಕದಲ್ಲಿ ನಮಗಾದ ಅನುಭವವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸಣ್ಣ ಉದ್ದಿಮೆಗಳು ಎಡವುವುದು ಇಲ್ಲೇ. ಮೊದಲಿಗೆ ಆ ವರ್ಷದ ಲಾಭದಲ್ಲಿ ಶೇಕಡಾ 10 ಎಂದು ನಿಗದಿ ಮಾಡಿದ್ದೆವು. ಮೂರನೆಯ ವರ್ಷ ದೊಡ್ಡ ಗಿರಾಕಿಯೊಬ್ಬರು ಕೈಬಿಟ್ಟರು, ಅದೇ ವರ್ಷ ಕತ್ತರಿಸುವ ಯಂತ್ರ ಕೆಟ್ಟಿತು, ಲಾಭ ಮೂರನೇ ಒಂದು ಭಾಗಕ್ಕೆ ಇಳಿಯಿತು. ನಮ್ಮ ಸೂತ್ರದಂತೆ ದೇಣಿಗೆಯೂ ಅಷ್ಟೇ ಇಳಿಯಬೇಕು. ಅಂದರೆ ಸಂಸ್ಥೆ ಒಬ್ಬ ಕಾರ್ಯಕರ್ತೆಯನ್ನು ಬಿಡಬೇಕು. ನಮ್ಮ ಯಂತ್ರ ಕೆಟ್ಟದ್ದರ ಹೊರೆ ನಾವು ಕಂಡೇ ಇರದ ಮಗುವಿನ ಮೇಲೆ ಬೀಳುವುದು ಎಷ್ಟು ನೇರವೆಂದು ಆಗ ಅರಿವಾಯಿತು. ಆ ವರ್ಷ ಮನೆಯ ಉಳಿತಾಯದಿಂದ ತುಂಬಿಸಿಕೊಟ್ಟೆವು, ಆದರೆ ಅದು ಪ್ರತಿವರ್ಷ ಆಗುವ ಮಾತಲ್ಲ. ಅಮ್ಮ ಸೂತ್ರವನ್ನೇ ಬದಲಿಸಿದರು. ಈಗ ಹಿಂದಿನ ಮೂರು ವರ್ಷಗಳ ಲಾಭದ ಸರಾಸರಿ ತೆಗೆದು, ಅದರ ಶೇಕಡಾ 6 ಕೊಡುತ್ತೇವೆ. ಒಳ್ಳೆಯ ವರ್ಷಗಳಲ್ಲಿ ಇನ್ನೂ ಶೇಕಡಾ 2ನ್ನು ಬೇರೆ ಖಾತೆಯಲ್ಲಿ ಇಡುತ್ತೇವೆ, ಅದು ಒಂದು ವರ್ಷದ ದೇಣಿಗೆಯಷ್ಟು ಆಗುವವರೆಗೆ. ಮೂರು ವರ್ಷಕ್ಕೊಮ್ಮೆ ಮಾತು ಕೊಡುತ್ತೇವೆ, ನಿಲ್ಲಿಸಬೇಕಾಗಿ ಬಂದರೆ ಒಂದು ವರ್ಷ ಮುಂಚೆ ತಿಳಿಸುತ್ತೇವೆ. ಶೇಕಡಾವಾರು ಇಳಿದದ್ದು ನನಗೆ ಮೊದಲು ಹಿಂದೆ ಸರಿದಂತೆ ಅನ್ನಿಸಿತ್ತು. ಸಂಸ್ಥೆಯ ಮುಖ್ಯಸ್ಥೆ ಮಾತ್ರ, ಮೊತ್ತ ಚಿಕ್ಕದಾದರೂ ಖಚಿತವಾಗಿ ಬರುವ ಹಣದ ಮೇಲೆ ಒಬ್ಬರನ್ನು ಕೆಲಸಕ್ಕೆ ತೆಗೆದುಕೊಳ್ಳಬಹುದು, ಬಂದರೆ ಬಂತು ಎಂಬ ದೊಡ್ಡ ಮೊತ್ತದ ಮೇಲೆ ಅದು ಸಾಧ್ಯವಿಲ್ಲ ಎಂದರು.

ಈ ಹೊಸ ಲೆಕ್ಕವನ್ನು ಕೆಲಸಗಾರರ ಮುಂದಿಟ್ಟ ದಿನ ನಡೆದದ್ದನ್ನು ಬಿಟ್ಟರೆ ಈ ಕಥನ ಅರ್ಧವಾಗುತ್ತದೆ. ಹೊಲಿಗೆ ವಿಭಾಗದ ಹಿರಿಯ ಕೆಲಸಗಾರ್ತಿ ಎಲ್ಲವನ್ನೂ ಕೇಳಿಸಿಕೊಂಡು, ಸಿಟ್ಟಿಲ್ಲದ ದನಿಯಲ್ಲಿ, "ನಮ್ಮ ಮಗುವಿಗೆ ಜ್ವರ ಬಂದ ದಿನ ರಜೆ ಹಾಕಿದರೆ ನಮ್ಮ ಕೂಲಿ ಕಡಿಯುತ್ತೀರಲ್ಲ" ಎಂದರು. ಯಾರೂ ಮಾತನಾಡಲಿಲ್ಲ. ದೂರದ ಕುಟುಂಬಗಳು ಒಡೆಯದಿರಲೆಂದು ಹಣ ಕೊಡುತ್ತಿದ್ದ ನಾವು, ನಮ್ಮ ಮೇಜಿನ ಎದುರಿಗೇ ಕುಳಿತ ತಾಯಿಗೆ ಕಾಯಿಲೆಯ ಮಗುವನ್ನು ಬಿಟ್ಟು ಬರಬೇಕಾದ ಸ್ಥಿತಿಯನ್ನು ತಂದಿಟ್ಟಿದ್ದೆವು. ಆ ತಿಂಗಳಿನಿಂದಲೇ ಮಕ್ಕಳ ಅನಾರೋಗ್ಯಕ್ಕೆ ಸಂಬಳಸಹಿತ ರಜೆಯನ್ನು ಕೊಟ್ಟೆವು, ಮತ್ತು ಅದರ ವೆಚ್ಚವನ್ನು ದೇಣಿಗೆಯ ಖಾತೆಯಲ್ಲಿ ತೋರಿಸಕೂಡದೆಂದು ಅಮ್ಮ ಹಟ ಹಿಡಿದರು. ಅದು ದಾನವಲ್ಲ, ಕೊಡಬೇಕಾದದ್ದು ಎಂಬುದು ಅವರ ವಾದ. ನನಗೂ ಹಾಗೆಯೇ ಅನ್ನಿಸುತ್ತದೆ.

ತಮ್ಮನಿಗೆ ಒಂದು ಆಸೆಯಿತ್ತು. ನಮ್ಮ ನೋಟ್‌ಪುಸ್ತಕಗಳ ಹಿಂಬದಿಯಲ್ಲಿ ಒಂದು ಮಗುವಿನ ಚಿತ್ರ ಹಾಕಿ, ಈ ಪುಸ್ತಕ ಕೊಂಡರೆ ಇಂತಹ ಮಗುವಿಗೆ ನೆರವಾಗುತ್ತದೆ ಎಂದು ಅಚ್ಚು ಹಾಕಿಸಬೇಕು ಎನ್ನುತ್ತಿದ್ದ. 1983ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಕಂಪನಿ ತನ್ನ ಕಾರ್ಡಿನ ಪ್ರತಿ ಬಳಕೆಗೂ ಒಂದು ಸಣ್ಣ ಮೊತ್ತವನ್ನು ಲಿಬರ್ಟಿ ಪ್ರತಿಮೆಯ ಜೀರ್ಣೋದ್ಧಾರಕ್ಕೆ ಕೊಟ್ಟು ಹೆಸರು ಮಾಡಿದ ಉದಾಹರಣೆಯನ್ನು ಅವನು ಎಲ್ಲಿಯೋ ಓದಿದ್ದ. ಮಾರಾಟ ಹೆಚ್ಚಿದರೆ ಮಕ್ಕಳಿಗೆ ಹೋಗುವುದೂ ಹೆಚ್ಚುತ್ತದೆ ಎಂಬ ಅವನ ಮಾತಿನಲ್ಲಿ ಕಪಟವಿರಲಿಲ್ಲ, ಹುರುಳೂ ಇತ್ತು. ಆದರೆ ಪ್ರತಿಮೆಗೆ ಖಾಸಗಿತನವೆಂಬುದಿಲ್ಲ. ಮಗುವಿಗೆ ಇದೆ, ಮಕ್ಕಳ ಹಕ್ಕುಗಳ ಒಡಂಬಡಿಕೆಯ 16ನೆಯ ವಿಧಿ ಅದನ್ನು ಹಕ್ಕೆಂದೇ ಗುರುತಿಸುತ್ತದೆ. ಇಂದು ಒಪ್ಪಿಗೆ ಕೊಟ್ಟ ಎಂಟು ವರ್ಷದ ಮಗು ಹದಿನೆಂಟಾದಾಗ, ತನ್ನ ಸಹಪಾಠಿಯ ಚೀಲದಲ್ಲಿ ತನ್ನದೇ ಮುಖವನ್ನು ಕಂಡರೆ ಆ ಒಪ್ಪಿಗೆಯನ್ನು ಹಿಂದಕ್ಕೆ ಪಡೆಯುವುದು ಹೇಗೆ? ಹಣ ಕೊಡುವವರು ಕೇಳಿದಾಗ ಬೇಡವೆನ್ನುವ ಧೈರ್ಯ ಸಂಸ್ಥೆಗಾದರೂ ಎಲ್ಲಿಂದ ಬರಬೇಕು? ಎರಡು ವಾರ ವಾದ ನಡೆದು, ಕೊನೆಗೆ ತಮ್ಮನೇ ವಿನ್ಯಾಸವನ್ನು ತೆಗೆದುಹಾಕಿದ. ಮೊದಲ ವರ್ಷ ನಾವು ತೆಗೆದಿದ್ದ ಚಿತ್ರಗಳನ್ನೂ ಅಂದೇ ಎಲ್ಲ ಕಡೆಯಿಂದ ಅಳಿಸಿದೆವು. ಈಗ ಪುಸ್ತಕದ ಕೊನೆಯ ಪುಟದ ಕೆಳಗೆ ಒಂದು ಸಾಲು ಇದೆ: ಲಾಭದ ಯಾವ ಪಾಲು, ಯಾವ ಬಗೆಯ ಕೆಲಸಕ್ಕೆ ಹೋಗುತ್ತದೆ ಎಂಬುದಷ್ಟೇ.

ಐದನೆಯ ವರ್ಷ ಸಂಸ್ಥೆಯವರು ನಮ್ಮನ್ನು ಹಣಕ್ಕಿಂತ ಕಷ್ಟದ ಒಂದನ್ನು ಕೇಳಿದರು. ಸಂಸ್ಥೆಗಳ ಅಥವಾ ಸಾಕು ಕುಟುಂಬಗಳ ಪಾಲನೆಯಲ್ಲಿ ಬೆಳೆದವರಿಗೆ 18 ತುಂಬಿದ ಕೂಡಲೇ ಆಸರೆ ಒಮ್ಮೆಲೇ ನಿಂತುಬಿಡುವುದು ಅನೇಕ ಕಡೆ ಇದೆ. ಉಳಿದವರು ಆ ವಯಸ್ಸಿನಲ್ಲಿ ತಪ್ಪು ಮಾಡಿ ಮನೆಗೆ ಮರಳುತ್ತಾರೆ, ಇವರಿಗೆ ಮರಳಲು ಮನೆಯಿರುವುದಿಲ್ಲ. ಅಂತಹ ಒಬ್ಬ ಯುವಕನಿಗೆ ಕೆಲಸ ಕಲಿಸುತ್ತೀರಾ ಎಂದು ಕೇಳಿದರು. ಒಪ್ಪಿಕೊಂಡೆವು. ಅವನ ಹಿನ್ನೆಲೆ ನನಗೂ ಅಮ್ಮನಿಗೂ ಮಾತ್ರ ಗೊತ್ತಿರಬೇಕು, ಉಳಿದವರಿಗೆ ಹೇಳುವುದು ಬಿಡುವುದು ಅವನಿಗೆ ಬಿಟ್ಟದ್ದು ಎಂಬ ಷರತ್ತಿತ್ತು. ಆ ಷರತ್ತನ್ನು ಮುರಿದವಳು ನಾನು. ಹಳೆಯ ಗಿರಾಕಿಯೊಬ್ಬರು ಅವನ ಕೈಚಳಕವನ್ನು ಹೊಗಳಿದಾಗ, ಹೆಮ್ಮೆಯಿಂದಲೇ, ಅವನು ಎಲ್ಲಿಂದ ಬಂದವನೆಂದು ಹೇಳಿಬಿಟ್ಟೆ. ಅವರು ಮರುದಿನ ಅವನ ಬೆನ್ನು ತಟ್ಟಿ ಸಮಾಧಾನದ ಮಾತಾಡಿದರು. ಅವನು ಮೂರು ದಿನ ಕೆಲಸಕ್ಕೆ ಬರಲಿಲ್ಲ.

ನಾಲ್ಕನೆಯ ದಿನ ಬಂದಾಗ ನಾನು ಕ್ಷಮೆ ಕೇಳಿದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಇಲ್ಲಿ ನಾನು ಪುಸ್ತಕ ಕಟ್ಟುವವನು ಆಗಿದ್ದೆ" ಎಂದ. ಅದಕ್ಕಿಂತ ಹೆಚ್ಚೇನೂ ಹೇಳಲಿಲ್ಲ. ಮೊದಲ ವರ್ಷದ ಆ ಮಧ್ಯಾಹ್ನದಲ್ಲೂ, ಐದು ವರ್ಷದ ನಂತರದ ಈ ಬಾಯಿಮಾತಿನಲ್ಲೂ ನನ್ನಿಂದಾದ ತಪ್ಪು ಒಂದೇ ಎಂದು ನನಗೆ ತಿಳಿಯಿತು: ನಾವು ಮಾಡುತ್ತಿರುವ ಒಳ್ಳೆಯದನ್ನು ಕಣ್ಣಾರೆ ನೋಡಬೇಕು, ಇನ್ನೊಬ್ಬರಿಗೂ ತೋರಿಸಬೇಕು ಎಂಬ ಹಂಬಲ. ಅದರ ಬೆಲೆಯನ್ನು ತೆತ್ತದ್ದು ಪ್ರತಿ ಸಲವೂ ಬೇರೆಯವರು. ಅವನು ನಮ್ಮಲ್ಲಿಯೇ ಉಳಿದ. ನನ್ನ ಮೇಲಿನ ನಂಬಿಕೆ ಮರಳಲು ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು, ಪೂರ್ತಿ ಮರಳಿದೆಯೇ ಎಂದು ನಾನು ಕೇಳಿಲ್ಲ. ಈಗ ಅಂಚು ಕತ್ತರಿಸುವ ಯಂತ್ರ ಅವನ ಹೊಣೆ, ಬೆಳಿಗ್ಗೆ ಬಾಗಿಲು ತೆರೆಯುವ ಬೀಗದ ಕೈಯೂ ಅವನ ಬಳಿಯೇ ಇದೆ.

ಮಕ್ಕಳನ್ನು ನೋಡಲು ನಾವೀಗ ಹೋಗುವುದಿಲ್ಲ. ಮೂರು ತಿಂಗಳಿಗೊಮ್ಮೆ, ಮೊದಲ ಸೋಮವಾರ, ಅಮ್ಮ ಹಣ ಕಳುಹಿಸುತ್ತಾರೆ. ಅದೇ ವಾರದಲ್ಲಿ ಸಂಸ್ಥೆಯಿಂದ ಎರಡು ಪುಟದ ವರದಿ ಬರುತ್ತದೆ. ಅದರಲ್ಲಿ ಹೆಸರುಗಳಿಲ್ಲ, ಚಿತ್ರಗಳಿಲ್ಲ, ಊರೂ ಇಲ್ಲ. ಎಷ್ಟು ಮನೆಗಳಿಗೆ ಎಷ್ಟು ಬಾರಿ ಹೋದೆವು, ಯಾವ ಪ್ರಯತ್ನ ಕೈಗೂಡಲಿಲ್ಲ, ಏಕೆ ಕೈಗೂಡಲಿಲ್ಲ ಎಂಬುದಿರುತ್ತದೆ. ಕೈಗೂಡದ್ದನ್ನೂ ಬರೆಯಿರಿ, ಅದರಿಂದ ಹಣ ನಿಲ್ಲುವುದಿಲ್ಲ ಎಂದು ನಾವು ಮೂರು ಬಾರಿ ಹೇಳಿದ ಮೇಲೆಯೇ ಅವರು ಹಾಗೆ ಬರೆಯಲು ಆರಂಭಿಸಿದ್ದು. ಕಳೆದ ಸಲದ ವರದಿಯಲ್ಲಿ, ಇಬ್ಬರು ಅಕ್ಕತಂಗಿಯರು ಅಜ್ಜಿಯ ಮನೆ ಸೇರಿ ನಾಲ್ಕು ತಿಂಗಳಾಯಿತು, ಹಿರಿಯವಳು ಈಗ ರಾತ್ರಿ ನಿದ್ದೆ ಮಾಡುತ್ತಿದ್ದಾಳೆ ಎಂದಿತ್ತು. ಅಮ್ಮ ಆ ಸಾಲನ್ನು ಎರಡು ಬಾರಿ ಓದಿ, ಕಡತಕ್ಕೆ ಸೇರಿಸಿದರು.

ಮುಂದಿನ ತಿಂಗಳು ಹೊಸ ಮೂರು ವರ್ಷಗಳ ಒಪ್ಪಂದವಾಗಬೇಕು. 18 ದಾಟಿದವರಿಗೆ 21ರವರೆಗೆ ಬಾಡಿಗೆಯ ನೆರವು ಕೊಡಬಹುದೇ ಎಂದು ಸಂಸ್ಥೆ ಕೇಳಿದೆ. ನಮ್ಮ ಶೇಕಡಾ 6ರಲ್ಲಿ ಅದು ಹಿಡಿಸುವುದಿಲ್ಲ. ಬೇರೆ ಖಾತೆಯಲ್ಲಿ ಇಟ್ಟದ್ದನ್ನು ಮುಟ್ಟಿದರೆ ಕೆಟ್ಟ ವರ್ಷಕ್ಕೆ ಆಸರೆಯಿರುವುದಿಲ್ಲ. ಈ ಸಲದ ಮಾತುಕತೆಗೆ ಯಂತ್ರದ ಹೊಣೆ ಹೊತ್ತ ನಮ್ಮ ಹುಡುಗನನ್ನೂ ಕರೆಯಬೇಕೆಂದು ತಮ್ಮನ ಹೆಂಡತಿ ಸೂಚಿಸಿದ್ದಾಳೆ. ಬರುತ್ತೀಯಾ ಎಂದಷ್ಟೇ ಅವನನ್ನು ಕೇಳಿದ್ದೇನೆ, ಯಾಕೆಂದು ಹೇಳಿಲ್ಲ. ಯೋಚಿಸಿ ಹೇಳುತ್ತೇನೆ ಎಂದಿದ್ದಾನೆ.